ಟ್ಯಾಂಕ್ ತುಂಬಿದ್ದರೂ ಮುಳ್ಳು ಖಾಲಿಯಲ್ಲೇ ಇದೆ, ಮೀಟರ್ ಬದಲಿಸಬೇಕಾ?

ಬೇಡ, ಸುಮ್ನೆ ದುಡ್ಡು ಹಾಕಬೇಡಿ. ನಿಮ್ಮದು ಹಳೇ ಡೀಸೆಲ್ ಜೀಪು ಅಲ್ವಾ? ಇವುಗಳಲ್ಲಿ ಜಾಸ್ತಿ ಕೈಕೊಡುವುದು ಟ್ಯಾಂಕಿನ ಸೆಂಡರ್ (ತೇಲುಬುರುಡೆಯಿಂದ ಡೀಸೆಲ್ ಮಟ್ಟವನ್ನು ಮೀಟರ್‌ಗೆ ತಿಳಿಸುವ ಭಾಗ) ಅಥವಾ ಅದರ ಅರ್ತ್, ಅಂದರೆ ಗಾಡಿಯ ಬಾಡಿ ಜತೆಗಿನ ವಿದ್ಯುತ್ ಸಂಪರ್ಕ.

ಮೊದಲು ಟೆಂಪರೇಚರ್ ಮುಳ್ಳು ನೋಡಿ. ಅದೂ ಏಳದಿದ್ದರೆ ಫ್ಯೂಸ್ ನೋಡಿ.

ಅದು ಸರಿಯಿದ್ದರೆ, ಕೀ ಆಫ್ ಮಾಡಿ ಸೆಂಡರ್ ವೈರ್ ಬಿಚ್ಚಿ. ತುದಿಯನ್ನು ಗಾಡಿಯ ಬಾಡಿಯಲ್ಲಿ ತುಕ್ಕಿಲ್ಲದ ಲೋಹಕ್ಕೆ ಗಟ್ಟಿಯಾಗಿ ಸಿಕ್ಕಿಸಿ, ಆಮೇಲೆ ಕೆಲವೇ ಸೆಕೆಂಡ್ ಕೀ ಆನ್ ಮಾಡಿ. ವೈರ್ ಬಿಚ್ಚಿಟ್ಟು ಕೀ ಆನ್ ಮಾಡಿದಾಗ ಒಂದು ತುದಿ, ತಾಗಿಸಿ ಆನ್ ಮಾಡಿದಾಗ ಇನ್ನೊಂದು ತುದಿಗೆ ಮುಳ್ಳು ಹೋದರೆ ಮೀಟರೂ ವೈರೂ ಚೆನ್ನಾಗಿವೆ. ಯಾವ ತುದಿ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಪೆಟ್ರೋಲ್ ಗಾಡಿಯಾದರೆ ಇದನ್ನು ಮನೆಯಲ್ಲಿ ಮಾಡಲೇಬೇಡಿ, ಒಂದು ಕಿಡಿ ಸಾಕು.

ಚಿಂತಾಮಣಿಯಲ್ಲಿ ನಮ್ಮ ಜೀಪಿಗೂ ಹೀಗೇ ಆಗಿತ್ತು. ಸೆಂಡರ್ ಸ್ಕ್ರೂ ಸುತ್ತ ಕೆಂಪು ಮಣ್ಣು ಡೀಸೆಲ್ ಜತೆ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ಕೆರೆದು, ಅರ್ತ್ ಜಾಗಕ್ಕೆ ಉಪ್ಪುಕಾಗದ ಹಾಕಿ ಉಜ್ಜಿದ ಮೇಲೆ ಮುಳ್ಳು ಎದ್ದಿತು.

ಅದಕ್ಕೂ ಬಗ್ಗದಿದ್ದರೆ ಸೆಂಡರ್ ಹೊರಗೆ ತೆಗೆಯಿರಿ. ತೇಲುಬುರುಡೆಯನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಡೀಸೆಲ್ ಕುಲುಕಿದರೆ ಅದು ತೂತಾಗಿ ಮುಳುಗಿದೆ ಎಂದರ್ಥ. ಮಲ್ಟಿಮೀಟರನ್ನು ಓಮ್ಸ್‌ಗೆ (ವಿದ್ಯುತ್ ತಡೆ ಅಳೆಯುವ ಜಾಗಕ್ಕೆ) ಇಟ್ಟು, ಸೆಂಡರ್‌ಗೆ ತಾಗಿಸಿ, ಬುರುಡೆಯ ಕಡ್ಡಿಯನ್ನು ನಿಧಾನ ಎತ್ತಿ. ಅಂಕಿ ಒಂದೇ ಸಮನೆ ಬದಲಾಗಬೇಕು. ನಡುವೆ ಹಾರಿದರೆ ಸೆಂಡರ್ ಸವೆದಿದೆ.

ಅಲ್ಲಿಯವರೆಗೆ ಕಿಲೋಮೀಟರ್ ಬರೆದಿಟ್ಟುಕೊಂಡು ಡೀಸೆಲ್ ಹಾಕಿಸಿ. ಪೂರ್ತಿ ಖಾಲಿಯಾದರೆ ಲೈನಿಗೆ ಗಾಳಿ ಹಿಡಿಯುತ್ತದೆ, ಮತ್ತೆ ತುಂಬಿಸಿದರೂ ಗಾಳಿ ತೆಗೆಯದೆ ಜೀಪು ಸ್ಟಾರ್ಟ್ ಆಗುವುದು ಕಷ್ಟ.