ಗುದ್ದಿ ಓಡಿದರೆ ಹತ್ತು ವರ್ಷ ಜೈಲಾ? ಗಾಡಿ ಓಡಿಸುವವರ ಪ್ರಶ್ನೆಗಳಿಗೆ ವಕೀಲರ ಉತ್ತರ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ದಂಡ ಎಷ್ಟು ಅನ್ನುವ ಬಗ್ಗೆಯೇ ಇದ್ದವು. ದಂಡದ ಮಾತು ರಸೀದಿ ಕೈಗೆ ಬಂದರೆ ಮುಗಿಯಿತು. ಹಾಗೆ ಮುಗಿಯದ ವಿಷಯಗಳನ್ನೇ ಇಲ್ಲಿ ಮೊದಲು ತೆಗೆದುಕೊಂಡಿದ್ದೇನೆ. ಹೆಸರು ಬೇಡ ಅಂದವರೇ ಜಾಸ್ತಿ, ಆದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಅಮರಗೋಳ ಎಪಿಎಂಸಿಯಿಂದ ದಿನಾ ಉಳ್ಳಾಗಡ್ಡಿ ಲೋಡ್ ಒಯ್ಯುತ್ತೇನೆ. ಆಕ್ಸಿಡೆಂಟ್ ಮಾಡಿ ಓಡಿಹೋದರೆ ಹೊಸ ಕಾನೂನಿನಲ್ಲಿ 10 ವರ್ಷ ಜೈಲು, 7 ಲಕ್ಷ ದಂಡ ಅಂತ ಡ್ರೈವರ್‌ಗಳ ಗ್ರೂಪಿನಲ್ಲಿ ಬಂದಿದೆ. ನಿಂತರೆ ಜನ ಹೊಡೀತಾರೆ, ಓಡಿದರೆ ಜೈಲು. ಏನು ಮಾಡಬೇಕ್ರೀ?
— ಗೂಡ್ಸ್ ಗಾಡಿ ಚಾಲಕರು, ನವನಗರ

7 ಲಕ್ಷ ದಂಡ ಅನ್ನುವುದು ಪೂರ್ತಿ ಸುಳ್ಳು. ಆ ಮೊತ್ತ ಕಾನೂನಿನಲ್ಲಿ ಎಲ್ಲೂ ಇಲ್ಲ. 10 ವರ್ಷದ ಮಾತು ಅರ್ಧ ನಿಜ.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಠಾಣೆಯಲ್ಲಿ ಬಿಎನ್‌ಎಸ್ ಅನ್ನುತ್ತಾರೆ. ಅದರ 106ನೇ ಕಲಮಿನಲ್ಲಿ ಎರಡು ಭಾಗಗಳಿವೆ. ಮೊದಲನೆಯದು, ನಿರ್ಲಕ್ಷ್ಯದಿಂದ ಯಾರದಾದರೂ ಸಾವಿಗೆ ಕಾರಣವಾದರೆ 5 ವರ್ಷದವರೆಗೆ ಜೈಲು ಮತ್ತು ದಂಡ. ಹಳೆಯ 304ಎ ಕಲಮಿನಲ್ಲಿ ಇದು 2 ವರ್ಷದವರೆಗೆ ಇತ್ತು. ಈ ಭಾಗ ಜಾರಿಯಲ್ಲಿದೆ. ಎರಡನೆಯದೇ ನಿಮ್ಮ ಗ್ರೂಪಿನಲ್ಲಿ ತಿರುಗುತ್ತಿರುವುದು: ಜೀವ ತೆಗೆದು, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದರೆ 10 ವರ್ಷದವರೆಗೆ. 2024ರ ಜನವರಿಯಲ್ಲಿ ಲಾರಿ ಚಾಲಕರು ಗಾಡಿ ನಿಲ್ಲಿಸಿ ಮುಷ್ಕರ ಮಾಡಿದ್ದು ಇದಕ್ಕೇ. ಸಂಹಿತೆ ಜಾರಿ ಮಾಡುವಾಗ ಕೇಂದ್ರ ಸರ್ಕಾರ ಈ ಭಾಗವನ್ನು ಮಾತ್ರ ತಡೆಹಿಡಿಯಿತು. ಪುಸ್ತಕದಲ್ಲಿದೆ, ಜಾರಿಗೆ ಬಂದಿಲ್ಲ. ಮುಂದೆ ತರಬೇಕೆಂದರೆ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು.

ಹಾಗಂತ ಓಡಬಹುದು ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಮೊದಲಿನಿಂದಲೂ ಇದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಚಾಲಕನೇ ವ್ಯವಸ್ಥೆ ಮಾಡಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ವಿಷಯ ಮುಟ್ಟಿಸಬೇಕು. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಬೇಕು. ಇದೇ ಕಲಂ ನಿಮ್ಮ ಭಯವನ್ನೂ ಒಪ್ಪುತ್ತದೆ ನೋಡಿ: ಜನರ ಸಿಟ್ಟಿನಿಂದಾಗಿ ಅಲ್ಲಿ ನಿಲ್ಲಲು ಆಗದಿದ್ದರೆ ಅದನ್ನು ತಪ್ಪು ಅನ್ನುವುದಿಲ್ಲ.

ಜನ ಕೈ ಎತ್ತಿದರೆ ಜಾಗ ಬಿಡಿ. ಆದರೆ ಊರಿಗೆ ಹೋಗಬೇಡಿ, ಮಾಲೀಕನ ಮನೆಗೆ ಹೋಗಬೇಡಿ. ನೇರ ಠಾಣೆಗೆ ಹೋಗಿ. ಹೋಗುತ್ತಲೇ 112ಕ್ಕೆ ಫೋನ್ ಮಾಡಿ ಎಲ್ಲಿ, ಏನಾಯಿತು ಅಂತ ಹೇಳಿ. ಆ ಕರೆಗೆ ದಾಖಲೆ ಇರುತ್ತದೆ. ಇಂಥ ಕೇಸಿನ ಫೈಲ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಎರಡೇ ಸಮಯ. ಅಪಘಾತ ಎಷ್ಟಕ್ಕೆ ಆಯಿತು, ಚಾಲಕ ಎಷ್ಟಕ್ಕೆ ತಿಳಿಸಿದ. ತಾನೇ ಫೋನ್ ಮಾಡಿದವನ ಮಾತಿಗೆ ಕೋರ್ಟಿನಲ್ಲಿ ಒಂದು ತೂಕ. ಟೋಲ್ ಕ್ಯಾಮೆರಾ ನೋಡಿ ಹುಡುಕಿಕೊಂಡು ಬಂದು ಹಿಡಿದವನ ಮಾತಿಗೆ ಇನ್ನೊಂದು ತೂಕ.

ಜೈಲಿನ ಭಯಕ್ಕೆ ಇನ್ನೊಂದು ಮಾತು. ಈಗ ಜಾರಿಯಲ್ಲಿರುವ 106ರ ಮೊದಲ ಭಾಗ ಜಾಮೀನು ಸಿಗುವ ಅಪರಾಧ. ಠಾಣೆಯಲ್ಲೇ ಜಾಮೀನು ಆಗುತ್ತದೆ. ಗಾಡಿಯನ್ನು ಮಾತ್ರ ಹಿಡಿದಿಡುತ್ತಾರೆ, ಪಂಚನಾಮೆ ಆಗುತ್ತದೆ, ಮೋಟಾರು ವಾಹನ ಇನ್‌ಸ್ಪೆಕ್ಟರ್ ಬಂದು ಬ್ರೇಕ್ ತುಳಿದು ನೋಡಿ, ಎಲ್ಲೆಲ್ಲಿ ಡೊಂಕಾಗಿದೆ, ಎಲ್ಲಿ ಬಣ್ಣ ಕಿತ್ತಿದೆ ಅಂತ ಬರೆದುಕೊಳ್ಳುತ್ತಾರೆ.

ಇದೇ ಹೊತ್ತಿಗೆ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನ ನೋಟಿಸ್ ಬರುತ್ತದೆ: ಆ ದಿನ ಗಾಡಿ ಓಡಿಸುತ್ತಿದ್ದವರು ಯಾರು, ತಿಳಿಸಿ. ನಿಜವಾದ ಅನಾಹುತ ಆಗುವುದು ಇಲ್ಲೇ. ಓಡಿಸಿದ ಹುಡುಗನಿಗೆ ಲೈಸೆನ್ಸ್ ಇಲ್ಲ, ಅದಕ್ಕೆ ಲೈಸೆನ್ಸ್ ಇರುವ ಅಣ್ಣನನ್ನೋ ಇನ್ನೊಬ್ಬ ಡ್ರೈವರನನ್ನೋ ತಂದು ನಿಲ್ಲಿಸುತ್ತಾರೆ. 'ಎಲ್ಲರೂ ಹಂಗೇ ಮಾಡ್ತಾರ' ಅಂತ ಧೈರ್ಯ ಹೇಳುವವರೂ ಇರುತ್ತಾರೆ. ಇನ್ಶೂರೆನ್ಸ್ ಕಂಪನಿಯವರು ಕಾಲ್ ರೆಕಾರ್ಡ್ ತೆಗೆಸುತ್ತಾರೆ, ಪೊಲೀಸ್ ಕೇಸಿನ ಗಾಯಾಳುಗಳ ವಿವರ ಬರೆದಿಡುವ ಆಸ್ಪತ್ರೆಯ ಎಂಎಲ್‌ಸಿ ಪುಸ್ತಕ ನೋಡುತ್ತಾರೆ. ಸುಳ್ಳು ಬಯಲಾದರೆ ಪರಿಹಾರದ ಹಣ ಮಾಲೀಕನ ತಲೆಗೆ, ಸುಳ್ಳು ಹೇಳಿದ್ದಕ್ಕೆ ಬೇರೆ ಕೇಸು. ಅಪಘಾತ ಯಾರಿಗೂ ಆಗಬಹುದು. ಬದಲಿ ಡ್ರೈವರ್ ತಂದಿದ್ದು ಮಾತ್ರ ಯೋಚನೆ ಮಾಡಿ ಮಾಡಿದ ಕೆಲಸ. ಅದನ್ನು ಆಕಸ್ಮಿಕ ಅಂತ ವಾದ ಮಾಡಲು ಯಾವ ವಕೀಲರಿಂದಲೂ ಆಗಲ್ಲ.

ಅಂದ ಹಾಗೆ, ಕಾರಿನ ಲೈಸೆನ್ಸ್ ಇಟ್ಟುಕೊಂಡು ಸಣ್ಣ ಗೂಡ್ಸ್ ಗಾಡಿ ಓಡಿಸಬಹುದೇ ಅಂತಲೂ ಕೇಳಿದ್ದೀರಿ. ಓಡಿಸಬಹುದು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಇತ್ಯರ್ಥ ಮಾಡಿದೆ. ಗಾಡಿಯ ಒಟ್ಟು ತೂಕ 7,500 ಕೆ.ಜಿ. ಮೀರದಿದ್ದರೆ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಸಾಕು.

ಮಗನಿಗೆ ಇನ್ನೂ 18 ಆಗಿಲ್ಲ, ಪಿಯುಸಿ ಓದುತ್ತಿದ್ದಾನೆ. ಕಾಲೇಜು ಒಂದು ಕಡೆ, ಸಪ್ತಾಪುರದ ಕೋಚಿಂಗ್ ಇನ್ನೊಂದು ಕಡೆ. ನನ್ನ ಹೆಸರಿನಲ್ಲಿರುವ ಸ್ಕೂಟಿ ಒಯ್ಯುತ್ತಾನೆ, ಹೆಲ್ಮೆಟ್ ಹಾಕುತ್ತಾನೆ. ಹಿಡಿದರೆ 500 ರೂಪಾಯಿ ಕಟ್ಟಿದರಾಯಿತು ಅನ್ನುತ್ತಾರೆ ನಮ್ಮ ಮನೆಯವರು. ನಿಜವೇ?
— ಗೃಹಿಣಿ, ಧಾರವಾಡ

ಇಲ್ಲ ಅಕ್ಕಾರೇ. 500 ರೂಪಾಯಿ ಹೆಲ್ಮೆಟ್ ಹಾಕದವರಿಗೆ. ಮೋಟಾರು ವಾಹನ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿ ಅದನ್ನು 1,000 ಮಾಡಿತ್ತು. 2019ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ 500ಕ್ಕೆ ಇಳಿಸಿತು. ನಿಮ್ಮ ಮಗನ ಲೆಕ್ಕ ಬೇರೆ.

ಅದೇ ತಿದ್ದುಪಡಿಯಲ್ಲಿ ಬಂದ 199ಎ ಕಲಮನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ. 18 ತುಂಬದವರು ವಾಹನ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಪಾಲಕರು ಅಥವಾ ಗಾಡಿಯ ಮಾಲೀಕರು. ನಿಮ್ಮ ಮನೆಯಲ್ಲಿ ಎರಡೂ ನೀವೇ. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಇದು ರಸ್ತೆಯ ಮೇಲೆ ರಸೀದಿ ಹರಿದು ಕೊಡುವ ಕೇಸಲ್ಲ, ಕೋರ್ಟಿಗೆ ಬರಬೇಕು. ರಾಜ್ಯದ ಕೋರ್ಟುಗಳು ಪಾಲಕರಿಗೆ 25,000 ದಂಡ ಹಾಕುತ್ತಲೇ ಇವೆ.

'ನನಗೆ ಗೊತ್ತೇ ಇರಲಿಲ್ಲ' ಅನ್ನಬಹುದೇ? ಅನ್ನಬಹುದು, ಕಾನೂನಿನಲ್ಲಿ ಅವಕಾಶವಿದೆ. ಆದರೆ ಪಾಲಕರ ಒಪ್ಪಿಗೆ ಇತ್ತು ಅಂತಲೇ ಕೋರ್ಟು ಶುರು ಮಾಡುತ್ತದೆ. ಇರಲಿಲ್ಲ ಅಂತ ತೋರಿಸುವ ಭಾರ ನಿಮ್ಮದು. ಬಾಗಿಲ ಪಕ್ಕದ ಮೊಳೆಗೆ ಕೀಲಿ ತೂಗುಹಾಕಿರುವ ಮನೆಯವರು ಏನಂತ ತೋರಿಸುತ್ತಾರೆ?

ದಂಡಕ್ಕಿಂತ ದೊಡ್ಡ ಹೊಡೆತ ಇನ್ಶೂರೆನ್ಸಿನದು. ಮಗ ಯಾರಿಗಾದರೂ ಗುದ್ದಿದರೆ, ಅವರು ಪರಿಹಾರ ಕೇಳಿ ಕೋರ್ಟಿನಲ್ಲಿ ಎಂವಿಸಿ ಕೇಸು ಹಾಕಿದರೆ, ಕಂಪನಿ ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡುತ್ತದೆ. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟದ್ದು ಪಾಲಿಸಿಯ ಷರತ್ತನ್ನೇ ಮುರಿದ ಹಾಗೆ. ಇಂಥ ಮೊತ್ತ ಲಕ್ಷಗಳಲ್ಲಿರುತ್ತದೆ. ಸೈಟು ಮಾರಿದವರನ್ನು ನೋಡಿದ್ದೇನೆ.

16 ತುಂಬಿದವರು ಓಡಿಸಬಹುದಾದ ಪೆಟ್ರೋಲ್ ಗಾಡಿ 50 ಸಿಸಿ ಮೀರಬಾರದು, ಅದಕ್ಕೂ ಲೈಸೆನ್ಸ್ ಬೇಕು. ನಿಮ್ಮ ಸ್ಕೂಟಿ ಅದರಲ್ಲಿ ಬರುವುದಿಲ್ಲ. ಗಂಟೆಗೆ 25 ಕಿ.ಮೀ. ದಾಟದ, 250 ವ್ಯಾಟಿನೊಳಗಿನ ಬ್ಯಾಟರಿ ಗಾಡಿಗೆ ಲೈಸೆನ್ಸ್ ಬೇಡ, ನಿಜ. ಆದರೆ ಅಂಥ ಗಾಡಿಯ ವೇಗ ಹೆಚ್ಚಿಸಿ ಕೊಡುವವರಿದ್ದಾರೆ. ವೇಗ ದಾಟಿದ ಮೇಲೆ ಅದೂ ಮೋಟಾರು ವಾಹನವೇ. ಜುಬಿಲಿ ಸರ್ಕಲ್‌ವರೆಗೆ ಚಿಗರಿ ಬಸ್ಸು ಬರುತ್ತದೆ. 18 ಆಗುವವರೆಗೆ ಅದರಲ್ಲೇ ಹೋಗಲಿ ಬಿಡಿ.

ರಾತ್ರಿ ಟ್ರ್ಯಾಕ್ಟರ್ ಕೆಟ್ಟು ಹೈವೇ ಪಕ್ಕ ನಿಂತಿತ್ತು. ಬೈಕಿನವನು ಹಿಂದಿನಿಂದ ಬಂದು ಟ್ರೇಲರಿಗೆ ಗುದ್ದಿ ಕಾಲು ಮುರಿದುಕೊಂಡ. ಕೇಸು ನನ್ನ ಮೇಲೆ ಹಾಕಿದ್ದಾರೆ. ಹಿಂದಿನಿಂದ ಬಂದವನದ್ದೇ ತಪ್ಪು ಅಲ್ವಾ?
— ರೈತರು, ಗದಗ ತಾಲ್ಲೂಕು

ಯಾವಾಗಲೂ ಅಲ್ಲ. ಟ್ರೇಲರಿನ ಹಿಂದೆ ಕೆಂಪು ದೀಪ ಇತ್ತೇ? ರಿಫ್ಲೆಕ್ಟರ್ ಇತ್ತೇ? ಕೊನೆಗೆ ಸೊಪ್ಪಿನ ಟೊಂಗೆಯನ್ನಾದರೂ ಹಿಂದೆ ಅಡ್ಡ ಇಟ್ಟಿದ್ದಿರೇ? ಇವಕ್ಕೆಲ್ಲ ಇಲ್ಲ ಅನ್ನುವುದಾದರೆ ಕೇಸು ಸುಮ್ನೆ ಹಾಕಿದ್ದಲ್ಲ. ಅಪಾಯವಾಗುವ ಹಾಗೆ ವಾಹನ ನಿಲ್ಲಿಸಬಾರದು ಅನ್ನುವುದು ಮೋಟಾರು ವಾಹನ ಕಾಯ್ದೆಯ 122ನೇ ಕಲಂ. ದಾರಿಗೆ ಅಡ್ಡಿ, ಅಪಾಯ ತಂದದ್ದಕ್ಕೆ ಬಿಎನ್‌ಎಸ್‌ನ 285ನೇ ಕಲಮಿನಲ್ಲಿ 5,000 ರೂಪಾಯಿವರೆಗೆ ದಂಡ. ಐಪಿಸಿಯಲ್ಲಿ ಇದು ಬರೀ 200 ರೂಪಾಯಿ ಇತ್ತು.

2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ಟೆಂಪೋ ಟ್ರಾವೆಲರ್ ನಿಂತ ಲಾರಿಗೆ ಹಿಂದಿನಿಂದ ಗುದ್ದಿ 13 ಜನ ಹೋದರು. ಹೈವೇ ಪಕ್ಕ ನಿಂತ ಗಾಡಿ ಏನು ಮಾಡಬಲ್ಲದು ಅಂತ ನಮ್ಮ ಕಡೆಯವರಿಗೆ ಬೇರೆ ಉದಾಹರಣೆ ಬೇಡ.

ನಿಮ್ಮ ಕೇಸಿನಲ್ಲಿ ಇಬ್ಬರದೂ ತಪ್ಪಿದ್ದರೆ ಅಪಘಾತ ಪರಿಹಾರದ ನ್ಯಾಯಮಂಡಳಿ ತಪ್ಪನ್ನು ಪಾಲು ಮಾಡುತ್ತದೆ. ಬೈಕಿನವನ ವೇಗಕ್ಕೆ ಇಷ್ಟು, ನಿಮ್ಮ ಕತ್ತಲ ಟ್ರೇಲರಿಗೆ ಇಷ್ಟು. ಟ್ರ್ಯಾಕ್ಟರಿಗೆ ಇನ್ಶೂರೆನ್ಸ್ ಇದೆ ಅಂದಿದ್ದೀರಿ. ಟ್ರೇಲರಿಗೆ ಇದೆಯೇ? ಪಾಲಿಸಿ ತೆಗೆದು ಟ್ರೇಲರಿನ ನಂಬರ್ ಅದರಲ್ಲಿದೆಯೋ ಇಲ್ಲವೋ ನೋಡಿ. ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟ್ರೇಲರಿನಲ್ಲಿ ಜನರನ್ನು ಕೂರಿಸಿಕೊಂಡು ಮದುವೆಗೋ ಎಲ್ಲಮ್ಮನ ಗುಡ್ಡಕ್ಕೋ ಹೋಗುವಾಗ ಪಲ್ಟಿ ಆದರೆ ಆ ಜನರಿಗೆ ರೈತನ ಪಾಲಿಸಿ ರಕ್ಷಣೆ ಕೊಡುವುದಿಲ್ಲ.

ಬೈಪಾಸಿನಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ನಮ್ಮನ್ನೇ ಸಾಕ್ಷಿ ಅಂತ ಅಲೆದಾಡಿಸುತ್ತಾರಾ?
— ಕಾಲೇಜು ಉಪನ್ಯಾಸಕರು, ಹುಬ್ಬಳ್ಳಿ

ಇಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ 134ಎ ಕಲಂ ಬಂದ ಮೇಲೆ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳುವುದು ನಿಮ್ಮ ಇಷ್ಟ. ಸಾಕ್ಷಿ ಆಗಲೇಬೇಕು ಅಂತ ಒತ್ತಾಯವಿಲ್ಲ.

ದುಡ್ಡಿನ ಚಿಂತೆಯೂ ಬೇಡ. 2025ರ ಮೇ 5ರಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ಗಾಯಾಳು ಒಬ್ಬರಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಯೋಜನೆಯಲ್ಲಿ ಸೇರಿದ ಆಸ್ಪತ್ರೆಗೆ ಪೂರ್ತಿ ಅನ್ವಯ, ಉಳಿದ ಆಸ್ಪತ್ರೆಗಳಲ್ಲಿ ಜೀವ ಉಳಿಸುವಷ್ಟು ತುರ್ತು ಚಿಕಿತ್ಸೆಗೆ ಮಾತ್ರ. ಗುದ್ದಿದ ಗಾಡಿ ಯಾವುದು ಅಂತ ಗೊತ್ತೇ ಆಗದಿದ್ದರೆ ಬೇರೆ ಪರಿಹಾರವಿದೆ: ಸತ್ತವರ ಕುಟುಂಬಕ್ಕೆ 2 ಲಕ್ಷ, ಗಂಭೀರ ಗಾಯವಾದವರಿಗೆ 50,000. ಎಷ್ಟೋ ಮನೆಯವರಿಗೆ ಇದು ಗೊತ್ತಿಲ್ಲ, ಅರ್ಜಿಯನ್ನೇ ಹಾಕುವುದಿಲ್ಲ. ಎಂವಿಸಿ ಕೇಸು ಹಾಕುವವರು ಅಪಘಾತವಾದ 6 ತಿಂಗಳೊಳಗೆ ಹಾಕಿ, 'ಕರ್ಮ ಮುಗೀಲಿ, ವರ್ಷ ಕಳೀಲಿ' ಅಂತ ಕೂರಬೇಡಿ.

ಹಾವೇರಿ ಕಡೆ ಹೈವೇ ಖಾಲಿ ಇರುತ್ತದೆ. ಜೋರಾಗಿ ಓಡಿಸಿದರೆ ಎಫ್‌ಐಆರ್ ಅಂತೆ?
— ಕಾರಿನವರು, ಗೋಕುಲ ರೋಡ್

ಹೌದು. ವೇಗ ಗಂಟೆಗೆ 130 ಕಿ.ಮೀ. ದಾಟಿದರೆ ಎಫ್‌ಐಆರ್ ಹಾಕಬೇಕು ಅಂತ 2024ರ ಆಗಸ್ಟ್ 1ರಿಂದ ರಾಜ್ಯ ಪೊಲೀಸರು ಶುರು ಮಾಡಿದ್ದಾರೆ. ಬಿಎನ್‌ಎಸ್‌ 281ನೇ ಕಲಂ, 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸಾವಿರ ರೂಪಾಯಿ ಅಂತ ನಗಬೇಡಿ. ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್ ಬಂದಾಗ ಆ ಎಫ್‌ಐಆರ್ ಎದ್ದು ಕೂರುತ್ತದೆ.

ಕಾನ್‌ಸ್ಟೇಬಲ್ ಒಬ್ಬರು ಬೈಕ್ ನಿಲ್ಲಿಸಿ ಕೀಲಿ ಕಿತ್ತುಕೊಂಡರು. ಮೊಬೈಲಿನಲ್ಲಿದ್ದ ಆರ್‌ಸಿ ನಡೆಯಲ್ಲ ಅಂದರು.
— ವಿದ್ಯಾರ್ಥಿ, ಉಣಕಲ್

ಡಿಜಿಲಾಕರ್, ಎಂಪರಿವಾಹನ್ ಆ್ಯಪಿನಲ್ಲಿರುವ ಡಿಎಲ್, ಆರ್‌ಸಿ ಅಸಲಿ ಕಾಗದಕ್ಕೆ ಸಮ. ಗ್ಯಾಲರಿಯಲ್ಲಿಟ್ಟ ಫೋಟೊ ಸಮವಲ್ಲ, ಹೆಚ್ಚಿನವರು ತೋರಿಸುವುದು ಅದನ್ನೇ. ಕೀಲಿ ಕಿತ್ತುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಸ್ಥಳದಲ್ಲಿ ದಂಡ ಹಾಕುವವರು ಎಎಸ್‌ಐ ಅಥವಾ ಮೇಲಿನವರಾಗಿರಬೇಕು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆ ಹೊತ್ತಿನಲ್ಲಿ ಮಗುವೊಂದು ಸತ್ತ ಮೇಲೆ, ಕಣ್ಣಿಗೆ ಕಾಣುವ ತಪ್ಪಿಲ್ಲದೆ ವಾಹನ ತಡೆಯಬೇಡಿ, ಕೀಲಿಗೆ ಕೈ ಹಾಕಬೇಡಿ ಅಂತ ರಾಜ್ಯ ಪೊಲೀಸ್ ಮುಖ್ಯಸ್ಥರು ಸೂಚನೆ ಕೊಟ್ಟಿದ್ದಾರೆ. ರಸ್ತೆಯಲ್ಲಿ ವಾದ ಬೇಡ. ಜಾಗ, ಸಮಯ ಬರೆದುಕೊಂಡು ಕಮಿಷನರ್ ಕಚೇರಿಗೆ ದೂರು ಕೊಡಿ.

ಚಲನ್ ಬಾಕಿ ಇದೆ ಅಂತ ವಾಟ್ಸಾಪಿನಲ್ಲಿ ಫೈಲ್ ಬಂದಿದೆ. ತೆರೆಯಲೇ?
— ಕಿರಾಣಿ ಅಂಗಡಿಯವರು, ರಾಣೆಬೆನ್ನೂರು

ಬೇಡ. ಫೈಲಿನ ಹೆಸರಿನ ಕೊನೆಗೆ ಎಪಿಕೆ ಅಂತಿದ್ದರೆ ಅದು ಕಳ್ಳರು ಕಳಿಸಿದ್ದು, ಮುಟ್ಟಿದರೆ ನಿಮ್ಮ ಒಟಿಪಿ ಅವರ ಕೈಗೆ ಹೋಗುತ್ತದೆ. ದಂಡ ನಿಜವಾಗಿ ಇದೆಯೋ ಇಲ್ಲವೋ ಅಂತ ಪರಿವಾಹನ್ ಇ-ಚಲನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೀವೇ ನೋಡಿ, ಇಲ್ಲವೇ ಟ್ರಾಫಿಕ್ ಠಾಣೆಯಲ್ಲಿ ಕೇಳಿ. ಆಗಲೇ ಒತ್ತಿ ದುಡ್ಡು ಹೋಗಿದ್ದರೆ ಈ ಅಂಕಣ ಓದುತ್ತ ಕೂರಬೇಡಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ಹೋಗಿ.