ಒಂದು ಕಣ್ಣು ಈಗ, ಇನ್ನೊಂದು ತಿಂಗಳು ಬಿಟ್ಟು

ಪತ್ರ: ನಮ್ಮ ಅತ್ತೆಗೆ ಶಿಬಿರದಲ್ಲಿ ಒಂದು ಕಣ್ಣಿನ ಪೊರೆ ತೆಗೆದರು, ಅದೂ ಮೆಷಿನ್ ಇಲ್ಲದೆ. ಇನ್ನೊಂದಕ್ಕೆ ತಿಂಗಳು ಬಿಟ್ಟು ಬರಲು ಹೇಳಿದ್ದಾರೆ. ಫಿನ್ಲೆಂಡಿನಲ್ಲಿ ನನ್ನ ತಮ್ಮನ ನೆರೆಮನೆಯ ಅಜ್ಜಿಗೆ ಒಂದೇ ಬೆಳಿಗ್ಗೆ ಎರಡೂ ಕಣ್ಣು ಮುಗಿಸಿ ಕಳಿಸಿದರಂತೆ. ನಮ್ಮ ವೈದ್ಯರು ಅಷ್ಟು ಹಿಂದಿದ್ದಾರೆಯೇ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ. ಫಿನ್ಲೆಂಡಿನಲ್ಲಿ ಅದು ಹೊಸದೇನಲ್ಲ. ಆದರೆ ಹಾಗೆ ಮಾಡುವಾಗ ಎರಡನೆಯ ಕಣ್ಣನ್ನು ಬೇರೊಬ್ಬ ರೋಗಿಯೆಂದೇ ಎಣಿಸುತ್ತಾರೆ. ಉಪಕರಣ, ಕೈಗವಸು ಎಲ್ಲವೂ ಬೇರೆ. ಸೋಂಕು ಎರಡೂ ಕಣ್ಣಿಗೆ ಒಟ್ಟಿಗೆ ತಗುಲಬಾರದಲ್ಲ! ಅದೇ ಭಯಕ್ಕೆ ನಮ್ಮವರು ದಿನ ಬಿಡುತ್ತಾರೆ. ಅಮೆರಿಕದಲ್ಲಿ ಇನ್ನೊಂದು ಕಾರಣವೂ ಉಂಟು. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್, ಅದೇ ದಿನ ಮಾಡಿದ ಎರಡನೆಯ ಕಣ್ಣಿಗೆ ಅರ್ಧ ಶುಲ್ಕವನ್ನಷ್ಟೇ ಕೊಡುತ್ತದೆ. ಬೇರೆ ದಿನ ಮಾಡಿದರೆ ಪೂರ್ತಿ. ಅಲ್ಲಿನ ಎಚ್ಚರಿಕೆಯಲ್ಲಿ ವೈದ್ಯಶಾಸ್ತ್ರವೆಷ್ಟು, ಲೆಕ್ಕಶಾಸ್ತ್ರವೆಷ್ಟು ಎಂದು ನೀವೇ ಊಹಿಸಿ. ಕನ್ನಡಕ ಬಿಡಿಸುವ ಲೇಸಿಕ್ ಮಾತ್ರ ಸಾಮಾನ್ಯವಾಗಿ ಎಲ್ಲೆಡೆ ಎರಡೂ ಕಣ್ಣಿಗೆ ಒಂದೇ ದಿನ. ಅದು ಕಣ್ಣಿನ ಮುಂಭಾಗದ ಕರಿಗುಡ್ಡೆಯ (ಕಾರ್ನಿಯಾ) ಕೆಲಸ, ಕಣ್ಣಿನೊಳಗೆ ಇಳಿಯುವುದಿಲ್ಲ.

‘ಮೆಷಿನ್ ಇಲ್ಲದೆ’ ಎಂಬ ನಿಮ್ಮ ಕೊರಗನ್ನು ನಾನು ಒಪ್ಪುವುದಿಲ್ಲ. ಫೇಕೋ ಯಂತ್ರ ಎರಡು-ಮೂರು ಮಿಲಿಮೀಟರ್ ಸೀಳಿನಲ್ಲಿ ಸೂಜಿ ತೂರಿಸಿ, ಪೊರೆಯನ್ನು ಶ್ರವಣಾತೀತ ಕಂಪನದಿಂದ ಪುಡಿಮಾಡಿ ಹೀರುತ್ತದೆ. ಹೆಲ್ಸಿಂಕಿಯ ಅಜ್ಜಿಯರು ಪೊರೆ ಬಲಿಯುವ ಮೊದಲೇ ಬರುತ್ತಾರೆ, ಅವರಿಗೆ ಅದು ಸರಿ. ನಮ್ಮಲ್ಲಿ ಕಣ್ಣು ಪೂರ್ತಿ ಮಂಜಾಗಿ, ಪೊರೆ ಬಲಿತು ಕಂದುಬಣ್ಣಕ್ಕೆ ತಿರುಗಿದ ಮೇಲೆ ಶಿಬಿರಕ್ಕೆ ಬರುವವರೇ ಹೆಚ್ಚು. ಅಂಥ ಗಟ್ಟಿ ಪೊರೆಯನ್ನು ಪುಡಿಮಾಡಲು ಹೋದರೆ ಕಂಪನದ ಹೊಡೆತ ಕರಿಗುಡ್ಡೆಗೆ ಬೀಳುತ್ತದೆ. ಅದಕ್ಕೇ ವೈದ್ಯರು ಬಿಳಿಗುಡ್ಡೆಯಲ್ಲಿ ಆರೇಳು ಮಿಲಿಮೀಟರ್ ಅಗಲದ ಓರೆ ಸುರಂಗ ಕೊರೆದು, ಪೊರೆಯ ಗಟ್ಟಿಯನ್ನು ಇಡಿಯಾಗಿ ಹೊರಗೆ ಜಾರಿಸುತ್ತಾರೆ. ಆಮೇಲೆ ಕಣ್ಣಿನ ಒಳ ಒತ್ತಡವೇ ಸುರಂಗವನ್ನು ಮುಚ್ಚಿಬಿಡುತ್ತದೆ, ಸಾಮಾನ್ಯವಾಗಿ ಹೊಲಿಗೆ ಬೇಡ. ಮಧುರೈನ ಅರವಿಂದ ಆಸ್ಪತ್ರೆಯಲ್ಲೂ ನೇಪಾಳದ ಡಾ. ಸಂದುಕ್ ರುಯಿತ್ ಅವರ ಕೈಯಲ್ಲೂ ಪಳಗಿದ ವಿದ್ಯೆ ಇದು. ರುಯಿತ್ ಮತ್ತು ಅಮೆರಿಕದ ವೈದ್ಯರು ನೇಪಾಳದಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ 2007ರಲ್ಲಿ ಪ್ರಕಟಿಸಿದರು: ಆರು ತಿಂಗಳ ನಂತರ ದೃಷ್ಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಕೈವಿಧಾನಕ್ಕೆ ಖರ್ಚೂ ಸಮಯವೂ ಕಡಿಮೆ.

ತಿಂಗಳು ಕಾಯುವುದರಲ್ಲಿ ಇನ್ನೊಂದು ಅನುಕೂಲವಿದೆ. ಮೊದಲ ಕಣ್ಣು ಎಷ್ಟು ಸ್ಪಷ್ಟವಾಯಿತೆಂದು ನೋಡಿ, ಎರಡನೆಯದರಲ್ಲಿ ಪೊರೆಯ ಜಾಗಕ್ಕೆ ಹಾಕುವ ಕೃತಕ ಲೆನ್ಸಿನ ಪವರನ್ನು ತಿದ್ದಬಹುದು. ಹೋಗುವಾಗ ಅತ್ತೆಯವರ ಡಿಸ್ಚಾರ್ಜ್ ಚೀಟಿಯನ್ನು ಮರೆಯದೆ ಒಯ್ಯಿರಿ. ಈಗ ಹಾಕಿರುವ ಲೆನ್ಸಿನ ನಂಬರು ಅದರಲ್ಲೇ ಇರುತ್ತದೆ.