ಚಿಟಿಕೆ ಬೆರಕೆಗೆ ಸರಳು ಬಾಗದೇ?

ಪ್ರಶ್ನೆ: ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಟೆಂಪರಿಂಗ್ (ಗಟ್ಟಿಗೊಳಿಸಿದ ಉಕ್ಕನ್ನು ಮತ್ತೆ ಕಾಯಿಸಿ ಹದಗೊಳಿಸುವ) ಕುಲುಮೆ ನೋಡಿಕೊಳ್ಳುತ್ತೇನೆ. 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಡಿಭಾಗಗಳನ್ನು ನೇತುಹಾಕುವ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಸರಳುಗಳು, ಭಾರ ಹೆಚ್ಚಿಸದಿದ್ದರೂ, ಕೆಲವೇ ತಿಂಗಳಲ್ಲಿ ನಡುವೆ ಜೋತುಬೀಳುತ್ತವೆ. ಶೇ 1ರಷ್ಟು ಕ್ರೋಮಿಯಂ, ಶೇ 0.5ರಷ್ಟು ಮಾಲಿಬ್ಡಿನಂ ಇರುವ ಸರಳು ಹಾಕಿ ಎನ್ನುತ್ತಾರೆ. ಇಷ್ಟರಿಂದ ಏನಾದೀತು?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಸರಳು ಸೋತದ್ದು ಭಾರಕ್ಕಲ್ಲ, ಕಾಲಕ್ಕೆ. ಲೋಹವೊಂದು ತನ್ನ ಕರಗುವ ತಾಪದ, ಕೆಲ್ವಿನ್ ಮಾನದಲ್ಲಿ (ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದ್ದು), ಸುಮಾರು ಶೇ 40ನ್ನು ದಾಟಿತೆಂದರೆ, ತಡೆದುಕೊಳ್ಳಬಲ್ಲ ಭಾರದಡಿಯಲ್ಲೂ ನಿಧಾನವಾಗಿ ಹಿಗ್ಗತೊಡಗುತ್ತದೆ, ಇದೇ ಕ್ರೀಪ್. ಕಬ್ಬಿಣಕ್ಕೆ ಆ ಗಡಿ ಸುಮಾರು 450 ಡಿಗ್ರಿ ಸೆಲ್ಸಿಯಸ್. ಸೀಸ 327 ಡಿಗ್ರಿಗೇ ಕರಗುವುದರಿಂದ, ಹಳೆಯ ಸೀಸದ ಕೊಳವೆಗಳು ಬೆಂಕಿಯ ಹಂಗಿಲ್ಲದೆ ಗೋಡೆಯ ಮೇಲೆಯೇ ಜೋಲುತ್ತವೆ.

ಉಕ್ಕಿನ ಹರಳುಗಳಲ್ಲಿ ಪರಮಾಣುಗಳ ಜೋಡಣೆ ತಪ್ಪಿದ ಗೆರೆಗಳಿರುತ್ತವೆ. ಭಾರ ಬಿದ್ದಾಗ ಇವು ಸರಿಯುತ್ತವೆ, ಅಡ್ಡಿ ಎದುರಾದರೆ ಶಾಖದ ಬಲದಿಂದ ಹತ್ತಿ ದಾಟುತ್ತವೆ. ಕಬ್ಬಿಣದ ಪರಮಾಣುವಿಗಿಂತ ದೊಡ್ಡದಾದ, ಚಲಿಸಲು ಸೋಮಾರಿಯಾದ ಮಾಲಿಬ್ಡಿನಂ ಈ ಗೆರೆಗಳಿಗೆ ತೊಡಕಾಗಿ ಅವುಗಳ ನಡಿಗೆಯನ್ನು ನಿಧಾನಿಸುತ್ತದೆ. ವಿದ್ಯುತ್ ಸ್ಥಾವರಗಳ ಹಬೆ ಕೊಳವೆಗೆ ಬಳಸುವ ಪಿ91 ಉಕ್ಕಿನಲ್ಲಿ ಸುಮಾರು ಶೇ 0.2 ವನೇಡಿಯಂ, ಶೇ 0.08 ನಯೋಬಿಯಂ, ಶೇ 0.05 ನೈಟ್ರೋಜನ್ ಸೇರಿ, ಕೆಲವು ಹತ್ತು ನ್ಯಾನೊಮೀಟರ್ ಗಾತ್ರದ ಕಣಗಳಾಗಿ ಹರಳಿನೊಳಗೆಲ್ಲ ಹರಡಿಕೊಳ್ಳುತ್ತವೆ. ಗೆರೆಗಳ ದಾರಿಗೆ ಈ ಕಣಗಳೇ ಅಡ್ಡಗಲ್ಲು; ಅವು ಚಿಕ್ಕವಾಗಿ, ಒತ್ತೊತ್ತಾಗಿ ಇರಬೇಕು, ಬಿಸಿಯಲ್ಲಿ ಒಂದನ್ನೊಂದು ನುಂಗಿ ದಪ್ಪವಾಗಬಾರದು. ಹೀಗಾಗಿ ಬೆರಕೆಯ ಪ್ರಮಾಣಕ್ಕಿಂತ ಅದು ಹೇಗೆ ಹಂಚಿಕೊಂಡಿದೆ ಎಂಬುದೇ ಮುಖ್ಯ.

ಮನೆಯಲ್ಲಿ ಹಳೆಯ ತಂತಿ ಬಲ್ಬ್ ಉಳಿದಿದ್ದರೆ ಅದರ ಸುರುಳಿಯನ್ನು ಗಮನಿಸಿ. ಸುಮಾರು 2,500 ಡಿಗ್ರಿಯಲ್ಲಿ ಉರಿಯುವ ಈ ಟಂಗ್‌ಸ್ಟನ್ ತಂತಿಯಲ್ಲಿ ಹತ್ತು ಲಕ್ಷಕ್ಕೆ ನೂರು ಪಾಲಿಗಿಂತಲೂ ಕಡಿಮೆ ಪೊಟ್ಯಾಸಿಯಂ ಇರುತ್ತದೆ. ಟಂಗ್‌ಸ್ಟನ್‌ನಲ್ಲಿ ಬೆರೆಯದ ಅದು ತಂತಿಯುದ್ದಕ್ಕೂ ಅತಿ ಸಣ್ಣ ಗುಳ್ಳೆಗಳ ಸಾಲುಗಳಾಗಿ ನಿಂತು, ಹರಳುಗಳು ಅಡ್ಡಡ್ಡಲಾಗಿ ಬೆಳೆಯದಂತೆ ತಡೆದು, ಒಂದಕ್ಕೊಂದು ಹೆಣೆದ ಉದ್ದ ಹರಳುಗಳನ್ನೇ ಉಳಿಸುತ್ತದೆ. ಅದಿಲ್ಲದಿದ್ದರೆ ಸುರುಳಿ ಬೇಗನೆ ಜೋತುಬೀಳುತ್ತಿತ್ತು.

ನಿಮ್ಮ 550 ಡಿಗ್ರಿಗೆ ಪಿ91 ಅತಿಯಾಯಿತು; ಹೇಳಿದ ಕ್ರೋಮಿಯಂ-ಮಾಲಿಬ್ಡಿನಂ ಸರಳು ಸಾಕು. ಇಲ್ಲಿ ಕ್ರೋಮಿಯಂನ ಒಂದು ಕೆಲಸ ಮೇಲಿನ ಕಪ್ಪು ಹೊಪ್ಪಳಿಕೆಯನ್ನು ತಗ್ಗಿಸುವುದು. ಕೊಳ್ಳುವಾಗ ನಾರ್ಮಲೈಸಿಂಗ್ (ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಿಸುವುದು), ಟೆಂಪರಿಂಗ್ ಆದ ಸರಳೇ ಎಂದು ಪ್ರಮಾಣಪತ್ರ ಕೇಳಿ, ಏಕೆಂದರೆ ಕಣಗಳು ಹದವಾಗಿ ಹರಡುವುದು ಆ ಸಂಸ್ಕಾರದಿಂದ. ಕೊಕ್ಕೆಗಳನ್ನು ಅದಕ್ಕೆ ವೆಲ್ಡ್ ಮಾಡಿದರೆ ಬೆಸುಗೆಯ ಅಕ್ಕಪಕ್ಕದಲ್ಲಿ ಆ ಹದ ಕೆಡುತ್ತದೆ. ಜಾರಿಸಿ ತೂಗುಹಾಕುವ ಕೊಕ್ಕೆಯೇ ವಾಸಿ.